ಲೂಪಸ್ ಜೊತೆಗೆ ಹುಟ್ಟುಕೊರತೆಯೂ ಇದ್ದರೆ: ಯಾವ ಚಿಕಿತ್ಸೆ ಯಾರಿಗೆ?

"ಪ್ರತಿರೋಧ ಶಕ್ತಿ ಕಡಿಮಿ ಐತಿ ಅಂತೀರಿ, ಅದ ಶಕ್ತಿ ಮೈಮ್ಯಾಲೆ ತಿರುಗಿ ಬಿದ್ದೈತಿ ಅಂತನೂ ಅಂತೀರಿ. ಯಾವುದು ಖರೆ?" ವಿಜಯಪುರ, ಬಾಗಲಕೋಟೆ ಕಡೆಯ ತಂದೆತಾಯಿ ವೈದ್ಯರನ್ನು ಹೀಗೆ ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಎರಡೂ ಖರೆ. ರೋಗನಿರೋಧಕ ವ್ಯವಸ್ಥೆಯ ಒಂದು ಭಾಗ ಹುಟ್ಟಿನಿಂದಲೇ ಇಲ್ಲದವರಲ್ಲಿ ಉಳಿದ ಭಾಗ ದಾರಿ ತಪ್ಪಿ ಲೂಪಸ್, ಅಂದರೆ ಕಾಯಬೇಕಾದ ಶಕ್ತಿಯೇ ಚರ್ಮ, ಕೀಲು, ಕಿಡ್ನಿಯ ಮೇಲೆ ಬೀಳುವ ಕಾಯಿಲೆ, ಹುಟ್ಟಿಸುವುದುಂಟು.

ದೇಹದಲ್ಲಿ ದಿನವೂ ಕೋಟಿಗಟ್ಟಲೆ ಕೋಶಗಳು ಸಾಯುತ್ತವೆ. ಸತ್ತವಕ್ಕೆ ಗುರುತು ಹಾಕಿ ಸಾಗಿಸುವ ಕೆಲಸದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಪಳಿಗೆ, ಅದರಲ್ಲೂ ಮೊದಲ ಕೊಂಡಿಯಾದ ಸಿ1ಕ್ಯೂಗೆ, ದೊಡ್ಡ ಪಾಲಿದೆ. ಕಸದ ಗಾಡಿ ಬಾರದ ಓಣಿಯ ಗತಿಯೇ ಇಲ್ಲೂ ಆಗುತ್ತದೆ. ಒಡೆದ ಕೋಶಗಳ ಡಿಎನ್‌ಎ ಚೂರುಗಳು ಹಾಗೇ ಬಿದ್ದಿರುತ್ತವೆ, ದೇಹ ಅವುಗಳ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಕಟ್ಟಲು ಶುರುಮಾಡುತ್ತದೆ. ಸಿ1ಕ್ಯೂ ಪೂರ್ತಿ ಇಲ್ಲದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಲೂಪಸ್ ಅಥವಾ ಅದರಂಥದೇ ಕಾಯಿಲೆ ಬರುತ್ತದೆ. ಅದೇ ಸರಪಳಿಯ ಸಿ4 ಪೂರ್ತಿ ಇಲ್ಲದಿದ್ದರೆ ಸುಮಾರು 75 ಮಂದಿಗೆ, ಸಿ2 ಇಲ್ಲದಿದ್ದರೆ 10ರಿಂದ 20 ಮಂದಿಗೆ. ಸರಪಳಿಯಲ್ಲಿ ಎಷ್ಟು ಮೇಲಿನ ಕೊಂಡಿ ಕಳಚಿದೆಯೋ ಲೂಪಸ್ಸಿನ ಅಪಾಯ ಅಷ್ಟು ಹೆಚ್ಚು.

ನಮ್ಮ ಭಾಗಕ್ಕೆ ಈ ಮಾತು ಸ್ವಲ್ಪ ಹತ್ತಿರದ್ದು. ಈ ಕೊರತೆಗಳಲ್ಲಿ ಹಲವು, ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಅಕ್ಕನ ಮಗಳನ್ನು ತರುವುದು, ಸೋದರತ್ತೆ ಮಗನಿಗೆ ಕೊಡುವುದು ರೂಢಿಯಿರುವ ಮನೆತನಗಳಲ್ಲಿ ಅದರ ಸಾಧ್ಯತೆ ಏರುತ್ತದೆ. ಇದನ್ನು ಬೈಗುಳವಾಗಿ ಹೇಳುವ ವೈದ್ಯರೂ ಇದ್ದಾರೆ. ಅದರಿಂದ ಆಗುವುದು ಒಂದೇ: ಮುಂದಿನ ಸಲ ಮನೆಯವರು ಸಂಬಂಧದ ವಿಷಯ ಮುಚ್ಚಿಡುತ್ತಾರೆ, ರೋಗಪತ್ತೆಗೆ ಬೇಕಾದ ಮುಖ್ಯ ಸುಳಿವೇ ಕೈತಪ್ಪುತ್ತದೆ.

ಔಷಧಿಗಿಂತ ಮೊದಲು ಕೊರತೆಯ ಹೆಸರು

ಲೂಪಸ್ ಚಿಕಿತ್ಸೆಯ ಹೋಲಿಕೆ ಅಂದರೆ ಸಾಮಾನ್ಯವಾಗಿ ಔಷಧಿಗಳನ್ನು ಸಾಲಾಗಿ ಇಟ್ಟು ತೂಗುತ್ತಾರೆ. ಈ ರೋಗಿಗಳಲ್ಲಿ ಆ ಕ್ರಮ ಕೆಲಸಕ್ಕೆ ಬಾರದು. ಒಬ್ಬರಿಗೆ ಜೀವ ಉಳಿಸುವ ಪ್ಲಾಸ್ಮಾ (ಕಣಗಳನ್ನು ತೆಗೆದ ರಕ್ತದ ದ್ರವ) ಇನ್ನೊಬ್ಬರಿಗೆ ಜೀವಕ್ಕೇ ಕುತ್ತು ತರಬಹುದು. ಹಾಗಾಗಿ ಏನು ಕಡಿಮೆಯಿದೆ ಎಂಬುದು ತಿಳಿಯುವ ತನಕ, ಕಿಡ್ನಿ ಅಥವಾ ಮಿದುಳಿಗೆ ತುರ್ತು ಇಲ್ಲದಿದ್ದರೆ, ಬಲವಾದ ಔಷಧಿಗೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನುಮಾನ ಯಾವಾಗ ಬರಬೇಕು? ಐದು ವರ್ಷದೊಳಗೆ ಲೂಪಸ್ ಬಂದರೆ. ಗಂಡುಮಗುವಿಗೆ ಬಂದರೆ, ಸಾಮಾನ್ಯ ಲೂಪಸ್ ಹೆಣ್ಣುಮಕ್ಕಳಲ್ಲೇ ಬಹಳ, ಸಿ1ಕ್ಯೂ ಕೊರತೆಯದು ಗಂಡುಹೆಣ್ಣು ನೋಡುವುದಿಲ್ಲ. ಒಡಹುಟ್ಟಿದವರಲ್ಲಿ ಇಬ್ಬರಿಗೆ ಬಂದರೆ, ಅಥವಾ ಅಣ್ಣನೋ ಅಕ್ಕನೋ ಚಿಕ್ಕಂದಿನಲ್ಲೇ ಮಿದುಳು ಜ್ವರದಿಂದ ತೀರಿಹೋಗಿದ್ದರೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟೆರಾಯ್ಡ್ ಶುರುವಾಗುವ ಮೊದಲೇ ಪದೇಪದೇ ನ್ಯುಮೋನಿಯಾ, ಕಿವಿ ಸೋರುವುದು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಿದ್ದರೆ. ಈ "ಮೊದಲೇ" ಅನ್ನುವುದನ್ನು ಹಳೆಯ ಫೈಲು ತೆಗೆದು ನೋಡಿಯೇ ಹೇಳಬೇಕು. ಔಷಧಿ ಶುರುವಾದ ಮೇಲೆ ಬರುವ ಸೋಂಕಿಗೆ ಔಷಧಿಯೇ ಕಾರಣ ಇರಬಹುದು. ಕಿಡ್ನಿ ಸೋರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದರ ಜೊತೆ ಸೋಂಕು ತಡೆಯುವ ಮುಖ್ಯ ಪ್ರತಿಕಾಯವಾದ ಐಜಿಜಿಯೂ ಹೋಗುತ್ತದೆ. ಅದು ಹುಟ್ಟುಕೊರತೆ ಅನ್ನಿಸಿಕೊಳ್ಳುವುದಿಲ್ಲ.

ಮೊದಲ ಹಂತದ ಪರೀಕ್ಷೆಗಳು ದುಬಾರಿಯಲ್ಲ: ರಕ್ತದ ಪೂರ್ಣ ಎಣಿಕೆ, ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಮಟ್ಟ, ಕಾಂಪ್ಲಿಮೆಂಟ್ ಸರಪಳಿಯ ಸಿ3, ಸಿ4, ಮತ್ತು ಆ ಸರಪಳಿ ಒಟ್ಟಾರೆ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಸಿಎಚ್50. ಕೊನೆಯದನ್ನು ಬರೆಯುವವರು ಕಡಿಮೆ, ಇಲ್ಲಿ ಅದೇ ಮುಖ್ಯ. ಲೂಪಸ್ ಉಲ್ಬಣಿಸಿದಾಗ ಸಿ3, ಸಿ4, ಸಿಎಚ್50 ಮೂರೂ ಇಳಿಯುತ್ತವೆ, ಚಿಕಿತ್ಸೆಗೆ ಏರುತ್ತವೆ. ಸಿ3 ಸರಿಯಿದ್ದೂ ಸಿಎಚ್50 ಸೊನ್ನೆಗೆ ಹತ್ತಿರ ಬಂದರೆ, ರೋಗ ತಣ್ಣಗಾದ ಮೇಲೂ ಅಲ್ಲೇ ಕೂತರೆ, ಸರಪಳಿಯ ಒಂದು ಕೊಂಡಿ ಹುಟ್ಟಿನಿಂದಲೇ ಇಲ್ಲ ಎಂದು ತಿಳಿಯಬೇಕು.

ಇಲ್ಲೊಂದು ಊರಿನ ತೊಡಕು ಇದೆ. ಕಾಂಪ್ಲಿಮೆಂಟ್ ಪ್ರೋಟೀನುಗಳು ಬಿಸಿಗೆ ಬೇಗ ಕೆಡುತ್ತವೆ. ಕೆಂಪು ಮುಚ್ಚಳದ ಕೊಳವೆಯಲ್ಲಿ ರಕ್ತ ತೆಗೆದು, ಹೆಪ್ಪುಗಟ್ಟಿದ ಕೂಡಲೇ ಸೀರಂ (ಮೇಲಿನ ತಿಳಿ) ಬೇರೆ ಮಾಡಿ, ಅದನ್ನು ಹಿಮಗಟ್ಟಿಸಿ, ಡ್ರೈ ಐಸ್‌ನಲ್ಲಿ ಸಾಗಿಸಬೇಕು. ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುವುದುಂಟು. ಇಂಡಿಯಲ್ಲೋ ಹುನಗುಂದದಲ್ಲೋ ಬೆಳಿಗ್ಗೆ ತೆಗೆದ ರಕ್ತ ಲ್ಯಾಬಿನ ಹುಡುಗನ ಬೈಕ್ ಪೆಟ್ಟಿಗೆಯಲ್ಲಿ ಮಧ್ಯಾಹ್ನದವರೆಗೆ ಸುತ್ತಿ, ಸಂಜೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಬೆಂಗಳೂರಿಗೆ ಹೊರಟರೆ ವರದಿಯಲ್ಲಿ ಸಿಎಚ್50 ತೀರಾ ಕಡಿಮೆ ಎಂದೇ ಬರುತ್ತದೆ. ಇಲ್ಲದ ರೋಗ ಹಣೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಈ ಒಂದು ಪರೀಕ್ಷೆಗೆ ರಕ್ತ ಹೋಗುವ ಬದಲು ರೋಗಿಯೇ ಹೋಗುವುದು ಲೇಸು: ಸೀರಂ ಅಲ್ಲೇ ಬೇರ್ಪಡಿಸಿ ಶೈತ್ಯದಲ್ಲಿಡುವ ದೊಡ್ಡ ಆಸ್ಪತ್ರೆಯಲ್ಲಿ ಕೊಡಬೇಕು. ಒಮ್ಮೆ ಸೊನ್ನೆ ಬಂದರೆ ಇನ್ನೊಮ್ಮೆ ಮಾಡಿಸದೆ ನಂಬಬಾರದು. ಜೀನ್ ಪರೀಕ್ಷೆ ಆಮೇಲಿನ ಮಾತು.

ಇಮ್ಯುನೊಗ್ಲೋಬುಲಿನ್ ಈಗಾಗಲೇ ಹಾಕಿಸಿಕೊಂಡಿದ್ದರೆ ಇನ್ನೊಂದು ಎಚ್ಚರ. ಆ ಬಾಟಲಿಯಲ್ಲಿರುವುದು ಸಾವಿರಾರು ಜನರ ಪ್ರತಿಕಾಯ. ಅದಾದ ಮೇಲೆ ಮಾಡಿದ ಎಎನ್‌ಎ (ಲೂಪಸ್ ಪತ್ತೆಯ ಪ್ರತಿಕಾಯ ಪರೀಕ್ಷೆ), ಹೆಪಟೈಟಿಸ್, ಡೆಂಗಿ ಐಜಿಜಿ ಎಲ್ಲವೂ ದಾನಿಗಳ ಕಥೆ ಹೇಳಬಹುದು. ತದ್ವಿರುದ್ಧವಾಗಿ, ಪ್ರತಿಕಾಯವನ್ನೇ ತಯಾರಿಸಲಾಗದ ರೋಗಿಯಲ್ಲಿ ಲೂಪಸ್ ಇದ್ದೂ ಎಎನ್‌ಎ ನೆಗೆಟಿವ್ ಬರಬಹುದು.

ಎಲ್ಲರಿಗೂ ಒಪ್ಪುವುದು

ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಹೆಚ್ಚು ತೂಗಿ ನೋಡಬೇಕಾಗಿಲ್ಲ. ಸೋಂಕಿನ ಅಪಾಯ ಹೆಚ್ಚಿಸದೆ ಲೂಪಸ್ ಹಿಡಿಯುವ ಗುಳಿಗೆ ಇದು, ಕೊರತೆ ಯಾವುದೇ ಇದ್ದರೂ ಬುನಾದಿಯಾಗಿ ಇರಬೇಕು. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ ಮೀರಬಾರದು, 40 ಕಿಲೋ ತೂಗುವ ಹುಡುಗಿಗೆ 200 ಮಿ.ಗ್ರಾಂ ಸಾಕು. ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ತೋರಿಸಬೇಕು. ಕಿಡ್ನಿ ಸೊರಗಿದ್ದರೆ ಇನ್ನೂ ಬೇಗ. ಗರ್ಭಿಣಿಯಾದರೆ ನಿಲ್ಲಿಸಬಾರದು.

ಬಿಸಿಲು ತಪ್ಪಿಸುವುದೂ ಔಷಧಿಯೇ, ಸಿ1ಕ್ಯೂ ಕೊರತೆಯವರಿಗೆ ಇನ್ನೂ ಹೆಚ್ಚು. ಅವರ ಮುಖದ ಗುಳ್ಳೆ, ಕಲೆ ಬಿಸಿಲಿಗೆ ಬೇಗ ಕೆರಳುತ್ತವೆ. ತಿಕೋಟಾದ ದ್ರಾಕ್ಷಿ ತೋಟದಲ್ಲಿ, ಮುಧೋಳದ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೆ "ಬಿಸಿಲಿಗೆ ಹೋಗಬೇಡಿ" ಅನ್ನುವುದು ಸುಲಭ. ನಸುಕಿನ ಪಾಳಿ, ತುಂಬುತೋಳಿನ ಅಂಗಿ, ಹಣೆ ದಾಟುವ ಸೆರಗು, ಸನ್‌ಸ್ಕ್ರೀನ್, ಇಷ್ಟನ್ನಾದರೂ ಮಾಡಿಕೊಳ್ಳಬಹುದು.

ಸ್ಟೆರಾಯ್ಡ್ ಬೇಡವೆನ್ನಲಾಗದು, ನೆಚ್ಚಿಕೊಳ್ಳಲೂ ಆಗದು. ಉಲ್ಬಣ ಇಳಿಸಲು ಬೇಕು, ಆಮೇಲೆ ದಿನಕ್ಕೆ 5 ಮಿ.ಗ್ರಾಂಗೆ ಅಥವಾ ಅದಕ್ಕೂ ಕೆಳಗೆ ತರುವುದು ಗುರಿ. ಮೊದಲೇ ಕೊರತೆಯಿರುವವರಲ್ಲಿ ತಿಂಗಳುಗಟ್ಟಲೆ 20, 30 ಮಿ.ಗ್ರಾಂ ಎಳೆಯುವುದಕ್ಕಿಂತ ಎರಡನೇ ಔಷಧಿ ಬೇಗ ಸೇರಿಸುವುದು ವಾಸಿ.

ಕಾಂಪ್ಲಿಮೆಂಟ್ ಕೊರತೆ: ಪ್ಲಾಸ್ಮಾವೋ ಕಸಿಯೋ

ಆಯ್ಕೆ ನಿಜಕ್ಕೂ ಕವಲೊಡೆಯುವುದು ಇಲ್ಲಿ. ಸಿ2, ಸಿ4 ಮುಖ್ಯವಾಗಿ ತಯಾರಾಗುವುದು ಯಕೃತ್ತಿನಲ್ಲಿ. ಸಿ1ಕ್ಯೂ ತಯಾರಾಗುವುದು ಮೂಳೆಮಜ್ಜೆಯಿಂದ ಬರುವ ಕೋಶಗಳಲ್ಲಿ. ಇದರಿಂದ ಹೊರಡುವ ಫಲಿತಾಂಶ ನೇರವಾಗಿದೆ. ಮೂಳೆಮಜ್ಜೆಯ ಕಸಿ ಸಿ1ಕ್ಯೂ ಕೊರತೆಯನ್ನು ಬುಡದಿಂದಲೇ ಸರಿಪಡಿಸಬಲ್ಲದು, ಸಿ2, ಸಿ4ಕ್ಕೆ ಅದರಿಂದ ಉಪಯೋಗವಿಲ್ಲ. ಸಿ1ಕ್ಯೂ ಕೊರತೆ ಕಸಿಯಿಂದ ವಾಸಿಯಾದ ವರದಿ ವೈದ್ಯಕೀಯ ಸಾಹಿತ್ಯದಲ್ಲಿ ಬಂದದ್ದು 2014ರಲ್ಲಿ.

ಫ್ರೆಶ್ ಫ್ರೋಜನ್ ಪ್ಲಾಸ್ಮಾ ಇಲ್ಲದ ಪ್ರೋಟೀನನ್ನು ಹೊರಗಿನಿಂದ ತುಂಬುತ್ತದೆ. ಅದರ ಗುಣವೆಂದರೆ ಹತ್ತಿರದಲ್ಲೇ ಸಿಗುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಪ್ಲಾಸ್ಮಾ ಹಾಕುವುದಕ್ಕೆ ಬೆಂಗಳೂರು ಬೇಕಿಲ್ಲ. ದೋಷವೆಂದರೆ ಅದು ಬಾಡಿಗೆಯದು. ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ, ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ಬೇಕು. ಅಲರ್ಜಿ ಆಗಬಹುದು, ದೇಹ ಎಂದೂ ಕಾಣದ ಸಿ1ಕ್ಯೂ ವಿರುದ್ಧವೇ ಪ್ರತಿಕಾಯ ಹುಟ್ಟಿ ಪರಿಣಾಮ ಕುಂದಬಹುದು, ಚಿಕ್ಕಮಕ್ಕಳಲ್ಲಿ ರಕ್ತನಾಳ ಸಿಗದೆ ಪ್ರತಿಸಲವೂ ಪೇಚಾಟ.

ಕಸಿಯ ಲೆಕ್ಕ ಬೇರೆ. ಗೆದ್ದರೆ ರೋಗ ಮುಗಿದಂತೆ. ಸೋತರೆ ಮಗುವಿನ ಜೀವ. ಕಸಿಗೆ ಮುನ್ನ ಕೊಡುವ ಕೀಮೋದ ವಿಷ, ಆಮೇಲೆ ದಾನಿಯ ಕೋಶಗಳೇ ರೋಗಿಯ ದೇಹದ ಮೇಲೆ ಬೀಳುವ ಅಪಾಯ, ತಿಂಗಳುಗಟ್ಟಲೆ ಊರು ಬಿಟ್ಟು ಇರಬೇಕಾದ ಪಾಡು, ಇವನ್ನೆಲ್ಲ ಸೇರಿಸಿಯೇ ತೂಗಬೇಕು. ಹತ್ತಿರದ ಸಂಬಂಧದ ಮದುವೆಯಿಂದ ಆಗುವ ಒಂದು ಅನುಕೂಲವೂ ಇಲ್ಲಿದೆ: ಅಂಥ ಮನೆತನಗಳಲ್ಲಿ ಅಂಗಾಂಶ ಹೊಂದುವ ದಾನಿ ಒಡಹುಟ್ಟಿದವರಾಚೆಗೂ, ಕೆಲವೊಮ್ಮೆ ತಂದೆ ಅಥವಾ ತಾಯಿಯಲ್ಲೇ, ಸಿಗುವ ಸಾಧ್ಯತೆ ಹೆಚ್ಚು. ದಾನಿಗೂ ಅದೇ ಪೂರ್ಣ ಕೊರತೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅಷ್ಟೇ. ನನ್ನನ್ನು ಕೇಳಿದರೆ: ಗುಳಿಗೆ ಮತ್ತು ಪ್ಲಾಸ್ಮಾದಲ್ಲಿ ಹತೋಟಿಗೆ ಬಂದ, ಚರ್ಮದಲ್ಲಷ್ಟೇ ರೋಗವಿರುವ ಮಗುವಿಗೆ ಕಸಿಗೆ ಅವಸರ ಬೇಡ; ಮಿದುಳು, ಕಿಡ್ನಿಗೆ ಇಳಿದ ಅಥವಾ ಮತ್ತೆಮತ್ತೆ ಮೆನಿಂಜೈಟಿಸ್ ಆಗುವ ಮಗುವಿಗೆ, ಹೊಂದುವ ದಾನಿ ಇದ್ದರೆ, ತಡ ಬೇಡ. ಅಂಗಾಂಗ ಕೆಟ್ಟ ಮೇಲೆ ಕಸಿಗೆ ಹೋದರೆ ಗೆಲ್ಲುವ ಅವಕಾಶ ಕುಗ್ಗುತ್ತದೆ.

ನಡುವೆ ಇನ್ನೊಂದು ದಾರಿ. ಸಿ1ಕ್ಯೂ ಇಲ್ಲದವರಲ್ಲಿ ಟೈಪ್-1 ಇಂಟರ್‌ಫೆರಾನ್ ಎಂಬ, ರೋಗನಿರೋಧಕ ಕೋಶಗಳನ್ನು ಕೆರಳಿಸುವ ಸಂಕೇತದ ಪ್ರೋಟೀನ್ ಏರಿರುತ್ತದೆ. ಬಾರಿಸಿಟಿನಿಬ್‌ನಂಥ ಜ್ಯಾಕ್ ಪ್ರತಿಬಂಧಕಗಳು ಆ ಸಂಕೇತವನ್ನೇ ಕತ್ತರಿಸುತ್ತವೆ. ಸಾಮಾನ್ಯ ಲೂಪಸ್ಸಿನ ದೊಡ್ಡ ಪ್ರಯೋಗಗಳಲ್ಲಿ ಬಾರಿಸಿಟಿನಿಬ್‌ಗೆ ಮಿಶ್ರ ಫಲ ಸಿಕ್ಕು 2022ರಲ್ಲಿ ಕಂಪನಿ ಆ ಪ್ರಯತ್ನ ಕೈಬಿಟ್ಟಿತು. ಹಾಗಿದ್ದೂ ಒಂದೇ ಜೀನಿನ ದೋಷದಿಂದ ಇಂಟರ್‌ಫೆರಾನ್ ಉಕ್ಕುವ ಕಾಯಿಲೆಗಳಲ್ಲಿ ತಜ್ಞರು ಇದನ್ನು ಬಳಸುವುದಕ್ಕೆ ತರ್ಕವಿದೆ. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಅನಿಫ್ರೊಲುಮ್ಯಾಬ್ ಕೂಡ ಇಂಟರ್‌ಫೆರಾನ್ ಕಡೆಗೇ ಗುರಿಯಿಡುವ ಔಷಧಿ. ಎರಡರಲ್ಲೂ ಸರ್ಪಸುತ್ತು ಹೆಚ್ಚುತ್ತದೆ. ಜ್ಯಾಕ್ ಔಷಧಿಗಳಲ್ಲಿ ಕ್ಷಯದ ಭಯವೂ ಉಂಟು. ಕ್ಷಯ ಇಷ್ಟು ಹರಡಿರುವ ನಮ್ಮಲ್ಲಿ ಎದೆಯ ಎಕ್ಸ್‌ರೇ, ಕ್ಷಯದ ತಪಾಸಣೆ ಇಲ್ಲದೆ ಇವನ್ನು ಮುಟ್ಟಬಾರದು.

ಸಿ2 ಕೊರತೆಯವರದು ಬಹುಪಾಲು ಸೌಮ್ಯ. ಮಾಮೂಲಿ ಲೂಪಸ್ ಚಿಕಿತ್ಸೆ, ಜೊತೆಗೆ ಲಸಿಕೆ, ಇಷ್ಟರಲ್ಲೇ ಹಲವರ ಬದುಕು ಸಾಗುತ್ತದೆ. ಒಂದು ಸಂಗತಿ ನೆನಪಿರಲಿ: ಸಿ1ಕ್ಯೂ, ಸಿ2 ಕೊರತೆಗಳಲ್ಲಿ, ಲೂಪಸ್ ಅಳೆಯಲು ಸಾಮಾನ್ಯವಾಗಿ ನೋಡುವ ಡಿಎಸ್‌-ಡಿಎನ್‌ಎ ಪ್ರತಿಕಾಯ ಎಷ್ಟೋ ಸಲ ಇರುವುದೇ ಇಲ್ಲ, ಸಿ4 ಹುಟ್ಟಿನಿಂದ ಇಲ್ಲದವರಲ್ಲಿ ಸಿ4 ಮಟ್ಟ ನೋಡಿ ರೋಗ ಅಳೆಯುವುದು ಅರ್ಥವಿಲ್ಲದ ಖರ್ಚು. ಮೂತ್ರದ ಪ್ರೋಟೀನ್, ರಕ್ತದ ಎಣಿಕೆ, ಚರ್ಮ, ಕೀಲು ನೋಡಿ ನಡೆಯಬೇಕು.

ಪ್ರತಿಕಾಯದ ಕೊರತೆ: ರಿಟುಕ್ಸಿಮ್ಯಾಬ್ ಕೇಳುವ ಮುನ್ನ

ಐಜಿಜಿ ಕಡಿಮೆಯಿರುವವರಿಗೆ, ಅಂದರೆ ಪ್ರತಿಕಾಯದ ತಯಾರಿಕೆಯೇ ಕುಂದಿದ ಸಿವಿಐಡಿ ಥರದ ಕೊರತೆಗೆ, ಇಮ್ಯುನೊಗ್ಲೋಬುಲಿನ್ ತುಂಬುವುದೇ ಮುಖ್ಯ. ಇದೇ ಬಾಟಲಿಗೆ ಎರಡು ಉಪಯೋಗ, ಎರಡು ಪ್ರಮಾಣ. ಕೊರತೆ ತುಂಬಲು ಮೂರ್ನಾಲ್ಕು ವಾರಕ್ಕೊಮ್ಮೆ ಕಿಲೋಗೆ 400ರಿಂದ 600 ಮಿ.ಗ್ರಾಂ, ಕೆರಳಿದ ರೋಗ ತಣಿಸಲು ಕಿಲೋಗೆ ಒಟ್ಟು 2 ಗ್ರಾಂ. 50 ಕಿಲೋದ ರೋಗಿಗೆ ಮೊದಲನೆಯದು 20ರಿಂದ 30 ಗ್ರಾಂ, ಎರಡನೆಯದು 100 ಗ್ರಾಂ. ಖರ್ಚಿನ ಅಂತರ ಮನೆ ಮಾರಿಸುವಷ್ಟು. ಆದ್ದರಿಂದ ಚೀಟಿಯಲ್ಲಿ ಬರೆದದ್ದು ಯಾವ ಉದ್ದೇಶಕ್ಕೆ ಎಂದು ಕೇಳಲು ನಾಚಿಕೆ ಬೇಡ. ಕಿಡ್ನಿ ಲೂಪಸ್ ಇದ್ದವರಿಗೆ, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯ ಇದ್ದವರಿಗೆ ದೊಡ್ಡ ಪ್ರಮಾಣ ನಿಧಾನವಾಗಿ, ನೀರಿನಂಶ ತುಂಬಿಸಿ, ಸಕ್ಕರೆ ಬೆರೆಸದ ಬ್ರ್ಯಾಂಡಿನಲ್ಲಿ ಹೋಗಬೇಕು.

ರಿಟುಕ್ಸಿಮ್ಯಾಬ್ ಬಗ್ಗೆ ನನಗೆ ತಕರಾರಿದೆ. ಔಷಧಿ ಕೆಟ್ಟದ್ದೇನಲ್ಲ. ದೇಶೀ ಬಯೋಸಿಮಿಲರ್ (ಮೂಲ ಔಷಧಿಯನ್ನು ಹೋಲುವ ರೂಪ) 2007ರಿಂದಲೇ ಸಿಗುತ್ತಿರುವುದರಿಂದ ಹಟಮಾರಿ ಲೂಪಸ್ಸಿಗೆ ಕೈ ಬೇಗ ಅತ್ತ ಹೋಗುತ್ತದೆ. ಅದು ಪ್ರತಿಕಾಯ ತಯಾರಿಕೆಯ ಮೂಲವಾದ ಬಿ ಕೋಶಗಳನ್ನು ಆರು ತಿಂಗಳಿಂದ ವರ್ಷದವರೆಗೆ ಗುಡಿಸಿಹಾಕುತ್ತದೆ. ಐಜಿಜಿ ಮೊದಲೇ ಕಡಿಮೆಯಿದ್ದರೆ ಇನ್ನೂ ಕುಸಿಯುತ್ತದೆ, ಮಕ್ಕಳಲ್ಲಿ ಕೆಲವೊಮ್ಮೆ ಮೇಲೇಳುವುದೇ ಇಲ್ಲ. ಕೊಡುವ ಮುನ್ನ ಐಜಿಜಿ ನೋಡದಿದ್ದರೆ, ಆಮೇಲೆ ಕುಸಿದದ್ದು ಔಷಧಿಯಿಂದಲೋ ಹುಟ್ಟಿನಿಂದಲೋ ಎಂದು ಯಾರೂ ಹೇಳಲಾರರು. ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲೇ ಆಗಿರಬೇಕು. ಬಿ ಕೋಶಗಳತ್ತಲೇ ಗುರಿಯಿಡುವ ಬೆಲಿಮುಮ್ಯಾಬ್ ಇಷ್ಟು ಕಠಿಣವಲ್ಲ. ಆದರೆ ಐಜಿಜಿ ಡೆಸಿಲೀಟರಿಗೆ 400 ಮಿ.ಗ್ರಾಂಗಿಂತ, ಅಥವಾ ಐಜಿಎ 10 ಮಿ.ಗ್ರಾಂಗಿಂತ ಕಡಿಮೆಯಿದ್ದವರಿಗೆ ಬೇಡವೆಂದು ಅದರ ಯುರೋಪಿನ ಔಷಧಿಪತ್ರವೇ ಹೇಳುತ್ತದೆ.

ಹಾಗಾದರೆ ಕಿಡ್ನಿಗೆ ಏನು? ಮೈಕೋಫಿನೊಲೇಟ್ ಅಥವಾ ಕಡಿಮೆ ಪ್ರಮಾಣದ ಸೈಕ್ಲೋಫಾಸ್ಫಮೈಡ್, ಇಮ್ಯುನೊಗ್ಲೋಬುಲಿನ್ ಬೆಂಬಲದಲ್ಲಿ. ಇವೆರಡರ ನಡುವೆ ಮೈಕೋಫಿನೊಲೇಟ್‌ನದು ಗುಳಿಗೆಯ ಸುಲಭ, ಪ್ರಮಾಣ ಇಳಿಸಿ ನಿಲ್ಲಿಸುವ ಸ್ವಾತಂತ್ರ್ಯ. ಸೋಂಕು ಬಂದರೆ ಇಂದೇ ನಿಲ್ಲಿಸಬಹುದು. ರಿಟುಕ್ಸಿಮ್ಯಾಬ್ ಒಳಗೆ ಹೋದಮೇಲೆ ವಾಪಸು ತೆಗೆಯಲಾಗದು. ಗರ್ಭ ಧರಿಸುವ ಯೋಚನೆಯಿದ್ದರೆ ಮೈಕೋಫಿನೊಲೇಟ್ ಬಿಟ್ಟು ಅಜಾಥಿಯೊಪ್ರಿನ್. ಅದಕ್ಕೂ ಮುನ್ನ ಎನ್‌ಯುಡಿಟಿ15 ಜೀನ್ ನೋಡಿಸುವುದು ಒಳ್ಳೆಯದು. ಅದರಲ್ಲಿ ವ್ಯತ್ಯಾಸವಿರುವವರು ಏಷ್ಯಾದಲ್ಲಿ ಹೆಚ್ಚು, ಅಂಥವರ ಬಿಳಿರಕ್ತಕಣ ಅಜಾಥಿಯೊಪ್ರಿನ್‌ನಿಂದ ಪಾತಾಳಕ್ಕಿಳಿಯಬಹುದು.

ಐಜಿಎ ಒಂದೇ ಇಲ್ಲದವರಿಗೆ ಸಾಮಾನ್ಯವಾಗಿ ವಿಶೇಷ ಚಿಕಿತ್ಸೆ ಬೇಡ, ಎಚ್ಚರ ಬೇಕು. ಅವರಲ್ಲಿ ಕೆಲವರ ದೇಹದಲ್ಲಿ ಐಜಿಎ ವಿರುದ್ಧವೇ ಪ್ರತಿಕಾಯವಿದ್ದು, ಪ್ಲಾಸ್ಮಾ ಅಥವಾ ರಕ್ತ ಹಾಕಿದಾಗ ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಎರವಾಗುವ ದಿಢೀರ್ ಅಲರ್ಜಿ) ಆಗಬಹುದು. ಮೇಲೆ ಹೇಳಿದ ಪ್ಲಾಸ್ಮಾ ಕುತ್ತಾಗುವುದು ಇವರಿಗೇ. ರಕ್ತ ಬೇಕಾದರೆ ತೊಳೆದ ಕೆಂಪುಕಣ. ಇದನ್ನು ಬರೆದ ಚೀಟಿ ಜೇಬಿನಲ್ಲಿರಲಿ.

ಬಿಳಿರಕ್ತಕಣಗಳು ನುಂಗಿದ ಸೂಕ್ಷ್ಮಾಣುಗಳನ್ನು ಕೊಲ್ಲಲಾಗದ ಸಿಜಿಡಿ ಎಂಬ ಕೊರತೆಯ ವಾಹಕ (ದೋಷವಿರುವ ಜೀನ್ ಹೊತ್ತ) ತಾಯಂದಿರಿಗೆ ಮುಖದಲ್ಲಿ ಲೂಪಸ್ ಥರದ ಕಲೆ ಬರುವುದುಂಟು; ಅವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಬಿಸಿಲಿನಿಂದ ರಕ್ಷಣೆ ಬಹುಪಾಲು ಸಾಕು. ಸಿಜಿಡಿ ಇರುವ ಮಗನಿಗೆ ಸೋಂಕು ತಡೆಯಲು ದಿನವೂ ಬೇಕಾದ ಕೋಟ್ರಿಮೋಕ್ಸಜೋಲ್ ಸಲ್ಫಾ ಔಷಧಿ. ಲೂಪಸ್ ಇರುವವರಲ್ಲಿ ಸಲ್ಫಾ ಅಲರ್ಜಿ, ರೋಗ ಕೆರಳುವುದು ಹೆಚ್ಚು. ಒಂದೇ ಮನೆಯಲ್ಲಿ ತಾಯಿ ಮಗನ ಗುಳಿಗೆ ಅದಲುಬದಲಾಗದಂತೆ ನೋಡಿಕೊಳ್ಳಬೇಕು.

ಜ್ವರ ಬಂದರೆ ಊರಲ್ಲೋ ಬೆಂಗಳೂರಲ್ಲೋ

ರೋಗದ ಹೆಸರು ಪತ್ತೆಯಾಗುವುದು, ಕಸಿಯ ಮಾತುಕತೆ, ಇವಕ್ಕೆ ದೂರ ಹೋಗಲೇಬೇಕು. ಮುಂಬೈನ ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಹುಟ್ಟುಕೊರತೆಗಳ ಪತ್ತೆಗೆ ಹೆಸರಾದದ್ದು. ಮರಾಠಿ ಬಲ್ಲ ಬೆಳಗಾವಿ, ಅಥಣಿ ಕಡೆಯವರಿಗೆ ಅದು ಬೆಂಗಳೂರಿನಷ್ಟೇ ಹತ್ತಿರ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿದೆ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಕಸಿಯಿಂದ ಗುಣವಾಗುವ ಕಾಯಿಲೆಗಳಲ್ಲಿ ಸಿಜಿಡಿ ಹೆಸರಿದೆ. ನಿಮ್ಮ ಮಗುವಿನ ಕೊರತೆ ಪಟ್ಟಿಯಲ್ಲಿದೆಯೇ ಎಂದು ಕೇಂದ್ರದಲ್ಲೇ ವಿಚಾರಿಸಿ, ಅದಕ್ಕೆ ಜೀನ್ ವರದಿ ಕೈಯಲ್ಲಿರಬೇಕು.

ಆದರೆ ಜ್ವರಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಬೇಡಿ. 38 ಡಿಗ್ರಿ ದಾಟಿತೆಂದರೆ, ಕಾಂಪ್ಲಿಮೆಂಟ್ ಕೊರತೆಯವರಲ್ಲಿ ನ್ಯುಮೊಕಾಕಸ್, ಮೆನಿಂಜೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಒಂದು ರಾತ್ರಿಯಲ್ಲೇ ಕೆಲಸ ಮುಗಿಸಬಲ್ಲವು. ಹತ್ತಿರದ ಜಿಲ್ಲಾಸ್ಪತ್ರೆಗೋ ಕಾಲೇಜು ಆಸ್ಪತ್ರೆಗೋ ಹೋಗಿ, ರಕ್ತದ ಕಲ್ಚರ್ ತೆಗೆಸಿ, ತಡಮಾಡದೆ ಆಂಟಿಬಯೋಟಿಕ್ ಸೂಜಿ ಬೀಳಬೇಕು. "ಲೂಪಸ್ ಜ್ವರ ಇರಬಹುದು, ಸ್ಟೆರಾಯ್ಡ್ ಏರಿಸೋಣ" ಎಂಬ ಮಾತು ಬಂದರೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಲೂಪಸ್ ಉಲ್ಬಣದಲ್ಲಿ ಅದು ಅಷ್ಟಾಗಿ ಏರುವುದಿಲ್ಲ, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಜಿಗಿಯುತ್ತದೆ. ಎದೆ, ಹೊಟ್ಟೆಯ ಪೊರೆಗಳು ಅಥವಾ ಕೀಲು ಊದಿದ್ದರೆ ಈ ಗುರುತು ನಂಬುವಂತಿಲ್ಲ. ಸೋಂಕಿಲ್ಲ ಎಂದು ಖಾತ್ರಿಯಾಗುವವರೆಗೆ ಸ್ಟೆರಾಯ್ಡ್ ಏರಿಸಬಾರದು. ಹಾಗೆಂದು ದಿನದ ಪ್ರಮಾಣವನ್ನು ದಿಢೀರ್ ನಿಲ್ಲಿಸಲೂಬಾರದು. ಅಮೃತಬಳ್ಳಿ ಕಷಾಯವಂತೂ ಈ ಮನೆಯಲ್ಲಿ ಬೇಡ. "ಶಕ್ತಿ" ಹೆಚ್ಚಲೆಂದು ಅದನ್ನು ಕುಡಿದವರಲ್ಲಿ ಯಕೃತ್ತು ಊದಿಕೊಂಡ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ಮುಂಬೈನ ವೈದ್ಯರು ದಾಖಲಿಸಿದ್ದಾರೆ.

ಲಸಿಕೆಯಲ್ಲೂ ಆಯ್ಕೆ ಇದೆ

ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶಾದ್ಯಂತ ಸರಕಾರಿ ಪಟ್ಟಿಯಲ್ಲಿದೆ, ಆದರೆ ಶಿಶುಗಳಿಗಷ್ಟೇ. ದೊಡ್ಡ ಮಕ್ಕಳು, ವಯಸ್ಕರು ಕೊಂಡು ಹಾಕಿಸಿಕೊಳ್ಳಬೇಕು. ಮೆನಿಂಜೊಕಾಕಸ್ ಲಸಿಕೆಗೂ ಖಾಸಗಿಯೇ ಗತಿ, ಕಾಂಪ್ಲಿಮೆಂಟ್ ಕೊರತೆಯವರು ಇದಕ್ಕೆ ಹಿಂದೆಮುಂದೆ ನೋಡಬಾರದು. ರಿಟುಕ್ಸಿಮ್ಯಾಬ್ ಅನಿವಾರ್ಯವಾದರೆ ಲಸಿಕೆ ಕನಿಷ್ಠ ನಾಲ್ಕು ವಾರ ಮೊದಲೇ ಆಗಿರಲಿ, ಬಿ ಕೋಶ ಇಲ್ಲದ ಮೇಲೆ ಹಾಕಿದ್ದು ನೀರುಪಾಲು. ಬಿಸಿಜಿ, ದಡಾರ-ರುಬೆಲ್ಲಾ, ಬಾಯಿಯ ಪೋಲಿಯೊ ಹನಿ ಇವು ಜೀವಂತ ಲಸಿಕೆಗಳು. ಬಲವಾದ ಔಷಧಿಯಲ್ಲಿರುವವರಿಗೆ ಬೇಡ. ಪ್ರತಿಕಾಯ ಕೊರತೆಯ ಮಗುವಿರುವ ಮನೆಯಲ್ಲಿ ತಮ್ಮ, ತಂಗಿಯರಿಗೂ ಹನಿಯ ಬದಲು ಪೋಲಿಯೊದ ಸೂಜಿಯೇ ಆಗಬೇಕು, ಹನಿಯ ವೈರಸ್ ಮಲದಲ್ಲಿ ಹೊರಬಿದ್ದು ಈ ಮಗುವಿಗೆ ತಗಲಬಹುದು. ಪಲ್ಸ್ ಪೋಲಿಯೊ ಭಾನುವಾರ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ ತೋರಿಸಲು ವೈದ್ಯರಿಂದ ಒಂದು ಸಾಲಿನ ಕನ್ನಡ ಪತ್ರ ಬರೆಸಿಟ್ಟುಕೊಳ್ಳಿ. ಇಲ್ಲದಿದ್ದರೆ ಲಸಿಕೆ ಬೇಡವೆನ್ನುವ ಮನೆಯೆಂದು ರಿಜಿಸ್ಟರಿನಲ್ಲಿ ಬರೆದುಕೊಂಡು ಹೋಗುತ್ತಾರೆ.